ಸಹಾಯ ಬೇಕು: ಅಪ್ಪನನ್ನು ಕಬ್ಬನ್ ಪಾರ್ಕ್ ಲೈಬ್ರರಿಗೆ ಕರೆದುಕೊಂಡು ಹೋಗಬೇಕು

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು. ಮುಂದಿನ ವಾರ ಅಪ್ಪನ ಜೊತೆ ಬೆಂಗಳೂರಿಗೆ ಬರ್ತಾ ಇದ್ದೇವೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯವನ್ನು ಇನ್ನೊಮ್ಮೆ ನೋಡಬೇಕು ಅನ್ನೋದು ಅವರ ತುಂಬಾ ದಿನದ ಆಸೆ. ದಿವಾನ್ ಶೇಷಾದ್ರಿ ಅಯ್ಯರ್ ನೆನಪಿಗೆ 1915ರಲ್ಲಿ ಕಟ್ಟಿದ್ದು ಅಲ್ವಾ, ಅದೇ.

ಅಪ್ಪ ಕೆಲಸ ಹುಡುಕುತ್ತಿದ್ದ ಕಾಲದಲ್ಲಿ ದಿನವೂ ಅಲ್ಲೇ ಕೂತು ಪರೀಕ್ಷೆಗೆ ಓದುತ್ತಿದ್ದರಂತೆ. ಮಧ್ಯಾಹ್ನ ಹೊರಗೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು, ಕೈ ತೊಳೆದು, ಒರೆಸಿಕೊಂಡೇ ಪುಸ್ತಕ ಮುಟ್ಟುತ್ತಿದ್ದರಂತೆ. ಈಗಲೂ ಮನೆಯಲ್ಲಿ ಹಾಗೆಯೇ.

ಈಗ ಅವರಿಗೆ 74. ಮಂಡಿನೋವು, ಊರುಗೋಲು ಹಿಡಿದು ನಡೆಯುತ್ತಾರೆ. ಆಟೋ ಎಲ್ಲಿವರೆಗೆ ಬಿಡುತ್ತಾರೆ? ಭಾನುವಾರ ಪಾರ್ಕಿನೊಳಗೆ ಗಾಡಿ ಬಿಡಲ್ಲ, ಹಾಗಾಗಿ ಬೇರೆ ದಿನವೇ ಬರುತ್ತೇವೆ. ವಾರದ ರಜೆ ಯಾವತ್ತು? ಮೆಟ್ಟಿಲು ಜಾಸ್ತಿ ಇದೆಯಾ, ಗಾಲಿಕುರ್ಚಿ ಒಳಗೆ ಹೋಗುತ್ತಾ? ಸದಸ್ಯರಲ್ಲದವರು ಸ್ವಲ್ಪ ಹೊತ್ತು ಕೂತು ಪೇಪರ್ ಓದಬಹುದಾ? ಅಪ್ಪ ಓದುತ್ತಾ ಕೂತಿರುವ ಒಂದೇ ಒಂದು ಫೋಟೋ ತೆಗೆಯಬೇಕು, ಅದಕ್ಕೆ ಯಾರನ್ನು ಕೇಳಬೇಕು?

ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ. ಅಪ್ಪ ಆಗಲೇ ಕನ್ನಡಕ ಒರೆಸಿ ಇಟ್ಟುಕೊಂಡಿದ್ದಾರೆ.