2 ಏನು, 18 ಏನು? ಚಂಡಿನ ಲೆಕ್ಕಕ್ಕ ಮನೀ ಗ್ರೂಪಿನ್ಯಾಗ ಜಗಳ

ಪುಟ್ಟಿ: "ಚೆಂಡು 10 ಮೀ/ಸೆ ವೇಗದಲ್ಲಿ ಗೋಡೆಗೆ ಬಡಿದು, ಬಂದ ದಾರಿಯಲ್ಲೇ 8 ಮೀ/ಸೆ ವೇಗದಲ್ಲಿ ಹಿಂದಿರುಗುತ್ತದೆ. ವೇಗದ ಬದಲಾವಣೆ ಎಷ್ಟು?" ಉತ್ತರ 18 ಅಂತ ಕೊಟ್ಟಾರ. ಹೆಂಗ?

ವಿಜಯಪುರ ಕಾಕಾ: ಪ್ರಿಂಟ್ ತಪ್ಪದ. ಹತ್ತರಾಗ ಎಂಟು ಕಳದ್ರ ಎರಡು.

ಬಾಗಲಕೋಟಿ ಅತ್ತಿ: ತಪ್ಪಿಲ್ಲಣ್ಣ. ವಿಜ್ಞಾನದಾಗ ವೇಗ ಅಂದ್ರ ಎಷ್ಟು ಜೋರು ಅನ್ನೂದಷ್ಟ ಅಲ್ಲ, ದಿಕ್ಕೂ ಸೇರಿರ್ತೈತಿ. ಗ್ವಾಡಿ ಕಡೆ ಹೋಗೂದು +10 ಹಿಡದ್ರ ವಾಪಸ್ ಬರೂದು −8. ಕಡೀ ವೇಗದಾಗ ಮೊದಲಿನ ವೇಗ ಕಳೀಬೇಕು. −8 − 10 = −18. ಇಲ್ಲಿ ಮೈನಸ್ ಅಂದ್ರ ಗ್ವಾಡಿಯಿಂದ ದೂರದ ದಿಕ್ಕು.

ವಿಜಯಪುರ ಕಾಕಾ: ಇದ್ದದ್ದ ಹತ್ತು! ಕಿಸೇದಾಗ ಹತ್ತು ರೂಪಾಯಿ ಇದ್ರ ಹದಿನೆಂಟು ಖರ್ಚು ಮಾಡಾಕ ಬರ್ತದೇನು?

ಬಾಗಲಕೋಟಿ ಅತ್ತಿ: ಎಂಟು ಸಾಲ ತಂದ್ರ ಬರ್ತೈತಿ. ಮೈನಸ್ ಅಂದ್ರ ಅದ.

ಬೆಳಗಾವಿ ಅಣ್ಣ: ಕಾಕಾ, ಬದಲಾವಣೆ ಬರೇ 2 ಆಗಿದ್ರ ಚಂಡು ಗ್ವಾಡಿ ತೂರಿ ಅದೇ ದಿಕ್ಕಿಗೆ 8ರಾಗ ಹೋಗಬೇಕಿತ್ತು. ಗ್ವಾಡಿ ಅದನ್ನ ನಿಲ್ಲಿಸಿ, ಮತ್ತ ಹಿಂದಕ್ಕ ನೂಕೇತಿ. ಎರಡೂ ಲೆಕ್ಕಕ್ಕ ಬರಬೇಕು. 160 ಗ್ರಾಂ ಕ್ರಿಕೆಟ್ ಚಂಡು, ತಾಗಿದ್ದು 0.01 ಸೆಕೆಂಡ್ ಅಂತ ಹಿಡೀರಿ. ನ್ಯೂಟನ್ನನ 2ನೇ ನಿಯಮದ ಪ್ರಕಾರ (ದ್ರವ್ಯರಾಶಿ × ವೇಗದ ಬದಲಾವಣೆ ÷ ಹಿಡದ ಸಮಯ) ಸರಾಸರಿ ಬಲ 0.16 × 18 ÷ 0.01 = 288 ನ್ಯೂಟನ್. ಸುಮಾರು 29 ಕೆಜಿ ತೂಕದಷ್ಟು! ನಿಮ್ಮ 2 ಹಾಕಿದ್ರ 32 ನ್ಯೂಟನ್. ಅಷ್ಟಕ್ಕ ಚಂಡು ನಿಲ್ಲೂದೂ ಇಲ್ಲ.

ವಿಜಯಪುರ ಕಾಕಾ: ಇರ್ಲಿ. ಗಾಂಧಿ ಚೌಕಿನ್ಯಾಗ ಬಸ್ ತಾಸಿಗೆ 18 ಕಿ.ಮೀ.ದಾಗ ಬಂದು ಅದೇ 18ರಾಗ ಬಲಕ್ಕ ಹೊರಳಿತು ಅನ್ರಿ. ಮೀಟರ್ ಮುಳ್ಳು ಅಲುಗಾಡಿಲ್ಲ. ಅಲ್ಲೂ ಬದಲಾವಣೆ ಅದ ಅಂತೀರೇನು?

ಬೆಳಗಾವಿ ಅಣ್ಣ: ಐತ್ರಿ. ಮುಳ್ಳು ದಿಕ್ಕು ತೋರ್ಸಂಗಿಲ್ಲ. 18 ಕಿ.ಮೀ. ಅಂದ್ರ ಸೆಕೆಂಡಿಗೆ 5 ಮೀಟರ್. ಬಸ್ ಉತ್ತರ ದಿಕ್ಕಿಗೆ ಹೊಂಟಿತ್ತು ಅಂತ ಹಿಡೀರಿ. ಉತ್ತರಕ್ಕ 5 ಇದ್ದದ್ದು ಹೋತು, ಪೂರ್ವಕ್ಕ 5 ಬಂತು. ಇಲ್ಲಿ ಪೈಥಾಗೊರಸ್ ಬೇಕು: √(25+25), ಸುಮಾರು 7.07 ಮೀ/ಸೆ, ಆಗ್ನೇಯಕ್ಕ. ಹೊರಳಾಕ 5 ಸೆಕೆಂಡ್ ಹಿಡದ್ರ ಸರಾಸರಿ ವೇಗೋತ್ಕರ್ಷ (ಒಂದು ಸೆಕೆಂಡಿಗೆ ಆಗೂ ವೇಗದ ಬದಲಾವಣೆ) ಸುಮಾರು 1.4 ಮೀ/ಸೆ². ಬಸ್ಸಿನ್ಯಾಗ ನಿಂತವರು ಎಡಕ್ಕ ವಾಲೂದು ಅದಕ್ಕ.

ಪುಟ್ಟಿ: ಹಂಗಾರ ಬಸ್ ಯು-ಟರ್ನ್ ಹೊಡದ್ರ 10 ಹೌದಿಲ್ಲೋ?

ಬಾಗಲಕೋಟಿ ಅತ್ತಿ: ಹೌದವ್ವ, ಬರೋಬ್ಬರಿ!

ವಿಜಯಪುರ ಕಾಕಾ: 18 ಒಪ್ಪಿದ್ಯಾ. ಆದ್ರ ದಿಕ್ಕಿನ ಮ್ಯಾಲ ಇಷ್ಟೆಲ್ಲಾ ಹೇಳಿದ್ರಿ, ಅವರ ಉತ್ತರದಾಗ ದಿಕ್ಕ ಎಲ್ಲದ? ಬರೇ 18 ಅಂದ್ರ ಅರ್ಧಾ ಉತ್ತರ.

ಬಾಗಲಕೋಟಿ ಅತ್ತಿ: ಅದು ಖರೆ. ಪ್ರಶ್ನೆಯೊಳಗ ಪರಿಮಾಣ (ದಿಕ್ಕಿಲ್ಲದ ಬರೇ ಅಂಕಿ) ಅಷ್ಟ ಕೇಳಿಲ್ಲ. ಪುಟ್ಟಿ, "18 ಮೀ/ಸೆ, ಗೋಡೆಯಿಂದ ದೂರದ ದಿಕ್ಕಿಗೆ" ಅಂತ ಬರಿ. ಯಾವ ಕಡೆ ಪ್ಲಸ್ ಹಿಡದಿ ಅನ್ನೂದನ್ನ ಮೊದಲ ಬರಿ.

ಬೆಳಗಾವಿ ಅಣ್ಣ: ಹಂಗ ಬರದು −18 ಅಂದವರಿಗೂ ಪೂರ್ತಿ ಮಾರ್ಕ್ಸ್ ಕೊಡಬೇಕು.

ವಿಜಯಪುರ ಕಾಕಾ: ದಿಕ್ಕು ಬರೀದವರಿಗೆ ಕಟ್ ಮಾಡಬೇಕು.