ಜಿಐ ಕಂಬದ ಕೊಟ್ಟಿಗೆಗೆ ಪೈಪ್ ವೈರಿಂಗ್: ಕೇಬಲ್, ಸಾಕೆಟ್, ಅರ್ಥಿಂಗ್ ಬಗ್ಗೆ ಸಲಹೆ ಬೇಕು

ಹಟ್ಟಿಮನೆ

60 ಅಡಿ ಉದ್ದ, 24 ಅಡಿ ಅಗಲದ ಕೊಟ್ಟಿಗೆ. ಜಿಐ ಪೈಪಿನ ಕಂಬ, ಟ್ರಸ್, ಮೇಲೆ ಕಲರ್ ಶೀಟ್. ಮೂರು ಬದಿಗೆ ಮೂರಡಿ ಗೋಡೆ, ಉಳಿದದ್ದು ಬಯಲು. ಕಾಂಕ್ರೀಟ್ ನೆಲ ಆಗಲೇ ಆಗಿದೆ. ಹತ್ತು ಹಸು. ಜಾಗ ಹೊಸನಗರ ಕಡೆ. ಮಳೆಗಾಲದಲ್ಲಿ ಒಳಗೆ ಒಣಗಿದ್ದು ಅಂತ ಏನೂ ಇರುವುದಿಲ್ಲ. ಮನೆಯ ಮೀಟರ್ ಬೋರ್ಡಿನಿಂದ 45 ಮೀಟರ್ ದೂರ. ಸಿಂಗಲ್ ಫೇಸ್, ಸಂಜೆ ವೋಲ್ಟೇಜ್ 190ಕ್ಕೆ ಇಳಿಯುತ್ತದೆ.

ಓಡಬೇಕಾದ್ದು: 2 ಎಚ್‌ಪಿ ಮೇವು ಕತ್ತರಿಸುವ ಯಂತ್ರ, 1 ಎಚ್‌ಪಿ ಹಾಲು ಕರೆಯುವ ಯಂತ್ರ, ಒಂದು ಪ್ರೆಶರ್ ವಾಷರ್, ನಾಲ್ಕು ಫ್ಯಾನ್, ಆರು ಎಲ್‌ಇಡಿ ಟ್ಯೂಬ್.

ವೈರ್‌ಮ್ಯಾನ್ ಹೇಳುವುದು: ಮನೆಯಿಂದ 2.5 ಸ್ಕ್ವೇರ್ ಎಂಎಂ ಸರ್ವಿಸ್ ವೈರನ್ನು ಮೇಲಿಂದಲೇ ಎಳೆದರೆ ಸಾಕು; ಕಂಬಗಳೆಲ್ಲ ನೆಲದಲ್ಲಿ ಹೂತಿರುವುದರಿಂದ ಬೇರೆ ಅರ್ಥಿಂಗ್ ಬೇಡ. ಎರಡೂ ಸರಿಯೇ? ಪೈಪ್ ಪಿವಿಸಿಯದ್ದೋ ಕಬ್ಬಿಣದ್ದೋ? ಸಾಕೆಟ್ ಎಷ್ಟು ಎತ್ತರದಲ್ಲಿರಬೇಕು?

---

ಮೆಗ್ಗರ್

ಎರಡೂ ಸರಿಯಲ್ಲ. ಮೊದಲು ಕೇಬಲ್.

2.5 ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ 7.41 ಓಮ್. ಹೋಗಿ ಬರುವ 90 ಮೀಟರಿಗೆ 0.67 ಓಮ್. 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಓಡುವಾಗ 11 ಆಂಪ್ ಆಸುಪಾಸು ಎಳೆಯುತ್ತದೆ, ಆದರೆ ಏಳುವಾಗ ಐದಾರು ಪಟ್ಟು, 60 ಆಂಪ್ ಅಂದುಕೊಳ್ಳಿ. ಆ ಕ್ಷಣ ತಂತಿಯಲ್ಲೇ 40 ವೋಲ್ಟ್ ಹೋಯಿತು. ನಿಮ್ಮ ಸಂಜೆಯ 190ರಲ್ಲಿ 40 ಕಳೆದರೆ 150. ಮೋಟಾರು ಗುಂಯ್ ಅಂತ ನಿಂತಲ್ಲೇ ನಿಲ್ಲುತ್ತದೆ, ಸ್ಟಾರ್ಟಿಂಗ್ ವೈಂಡಿಂಗ್ ಸುಡುತ್ತದೆ. ಬೈಸಿಕೊಳ್ಳುವುದು ಮಾತ್ರ ಮೋಟಾರು ಮಾರಿದವನು.

6 ಸ್ಕ್ವೇರ್ ತಾಮ್ರ ಹಾಕಿದರೆ ಅದೇ ಲೆಕ್ಕ 17 ವೋಲ್ಟಿಗಿಂತ ಕಡಿಮೆ. ತಾಮ್ರ ದುಬಾರಿ ಅನಿಸಿದರೆ 10 ಸ್ಕ್ವೇರ್ ಎರಡು ಕೋರಿನ ಅಲ್ಯೂಮಿನಿಯಂ ಆರ್ಮರ್ಡ್ (ಲೋಹದ ಕವಚ ಇರುವ) ಕೇಬಲ್; ಅದರ ರೋಧವೂ 6 ತಾಮ್ರದಷ್ಟೇ, 3.08 ಓಮ್. ಮೇಲಿಂದ ಬೇಡ, ಅಡಿಕೆ ಸೋಗೆ ಬಿದ್ದರೆ ಮುಗಿಯಿತು. 75 ಸೆಂ.ಮೀ. ಆಳದ ಕಾಲುವೆ, ಕೆಳಗೆ ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು, ಇಟ್ಟಿಗೆಗಿಂತ ಒಂದು ಗೇಣು ಮೇಲೆ ಎಚ್ಚರಿಕೆ ಟೇಪ್. ಅಲ್ಯೂಮಿನಿಯಂ ತುದಿಗೆ ಬೈಮೆಟಲ್ ಲಗ್ (ಒಂದು ಬದಿ ಅಲ್ಯೂಮಿನಿಯಂ, ಇನ್ನೊಂದು ತಾಮ್ರ ಇರುವ ತುದಿಗೊಂಡಿ) ಕಡ್ಡಾಯ. ಬರಿ ಅಲ್ಯೂಮಿನಿಯಂ ಎಳೆಯನ್ನು ಹಿತ್ತಾಳೆ ಟರ್ಮಿನಲ್ಲಿಗೆ ತುರುಕಿದರೆ ಒಂದೆರಡು ಮಳೆಗಾಲದಲ್ಲಿ ಸಡಿಲವಾಗಿ ಬಿಸಿಯಾಗುತ್ತದೆ.

ಇನ್ನು ಅರ್ಥಿಂಗ್. ಇಲ್ಲೇ ಹೆಚ್ಚಿನವರು ಎಡವುವುದು. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಒಂದು ರಾಡಿಗೆ 50 ಓಮ್ ಬಂದರೆ ಅದೃಷ್ಟ. ಫೇಸ್ ತಂತಿ ಕಂಬಕ್ಕೆ ತಗಲಿತು ಅಂತಿಟ್ಟುಕೊಳ್ಳಿ. 230 ಭಾಗಿಸು 50, ಅಂದರೆ 4.6 ಆಂಪ್. 16 ಆಂಪಿನ ಎಂಸಿಬಿಗೆ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಅದು ಲೆಕ್ಕಕ್ಕೇ ಇಲ್ಲ, ಬೀಳುವುದಿಲ್ಲ. ಕಂಬ, ಟ್ರಸ್, ಶೀಟು, ಹಸು ಕಟ್ಟಿದ ಸರಪಳಿ ಎಲ್ಲವೂ 200 ವೋಲ್ಟಿನ ಮೇಲೆ ಕೂತಿರುತ್ತವೆ. ಕಂಬವೇ ಅರ್ಥ್ ಅನ್ನುವ ಮಾತಿಗೂ ಇದೇ ಉತ್ತರ. ಅಡಿಪಾಯದ ಕಾಂಕ್ರೀಟು ಬೇಸಿಗೆಯಲ್ಲಿ ಒಣಗಿದರೆ ಆ ಸಂಪರ್ಕವೂ ಅಷ್ಟಕ್ಕಷ್ಟೆ.

ಕೆಲಸ ಮಾಡುವುದು ಆರ್‌ಸಿಸಿಬಿ, 30 ಮಿಲಿಆಂಪಿನದು; ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಬಂದರೆ, ಅಂದರೆ ಎಲ್ಲೋ ಸೋರಿದರೆ, ಲೈನ್ ಕಡಿಯುವ ಸ್ವಿಚ್ ಅದು. ಅರ್ಥ್ 100 ಓಮ್ ಇದ್ದರೂ 3 ವೋಲ್ಟ್ ಏರುವುದರೊಳಗೆ ಅದು ಕಡಿಯುತ್ತದೆ. ಅರ್ಥ್ ರಾಡು ಬೇಕೇ ಬೇಕು, 17.2 ಎಂಎಂ ದಪ್ಪ, 3 ಮೀಟರ್ ಉದ್ದದ ತಾಮ್ರ ಲೇಪನದ್ದು, ಸುತ್ತ ಅರ್ಥಿಂಗ್ ಪುಡಿ ತುಂಬಿ. ಆದರೆ ಆರ್‌ಸಿಸಿಬಿ ಇಲ್ಲದೆ ರಾಡು ಮಾತ್ರ ಇದ್ದರೆ ಅದು ಸಮಾಧಾನಕ್ಕೆ ಹಾಕಿದ ಹಾಗೆ.

ಕೊಟ್ಟಿಗೆಯ ಡಿಬಿ (ಈ ಸ್ವಿಚ್ಚುಗಳನ್ನು ಕೂರಿಸುವ ಪೆಟ್ಟಿಗೆ) ಹೀಗಿರಲಿ: ಮನೆಯ ಕಡೆ ಸಿ32 ಡಬಲ್ ಪೋಲ್ ಎಂಸಿಬಿ. ಕೊಟ್ಟಿಗೆಯಲ್ಲಿ 40 ಆಂಪಿನ ಎರಡು ಆರ್‌ಸಿಸಿಬಿ, ಒಂದು ದೀಪ ಮತ್ತು ಫ್ಯಾನಿಗೆ, ಇನ್ನೊಂದು ಯಂತ್ರಗಳಿಗೆ. ಒಂದೇ ಹಾಕಿದರೆ ವಾಷರಿಗೆ ನೀರು ಹೊಕ್ಕಾಗ ರಾತ್ರಿ ಇಡೀ ಕೊಟ್ಟಿಗೆ ಕತ್ತಲು. ದೀಪಕ್ಕೆ 6 ಆಂಪ್, 1.5 ತಂತಿ, ಫ್ಯಾನಿಗೂ ಅಷ್ಟೇ. ಹಾಲಿನ ಯಂತ್ರಕ್ಕೆ ಸಿ16, ವಾಷರಿಗೆ ಸಿ16, ಎರಡಕ್ಕೂ ಬೇರೆ ಬೇರೆ 2.5 ತಂತಿ. ಮೇವಿನ ಯಂತ್ರಕ್ಕೆ ಸಿ20, 4 ಸ್ಕ್ವೇರ್ ತಂತಿ. ಅಂಕಿಯ ಮೊದಲಿನ ಸಿ ಅಂದರೆ ಸಿ ಕರ್ವ್, ಮೋಟಾರು ಏಳುವ ಕ್ಷಣದ ಕರೆಂಟ್ ತಾಳುವ ಬಗೆ; ಬಿ ಕರ್ವ್ ತರಬೇಡಿ. ಮೂರು ಪಟ್ಟು ಕರೆಂಟಿಗೇ ಅದು ಬೀಳಬಹುದು, ಮೋಟಾರು ಏಳಲು ಬಿಡುವುದಿಲ್ಲ.

ಒಂದು ತಪ್ಪು ಪದೇ ಪದೇ ಆಗುತ್ತದೆ: ಎರಡು ಆರ್‌ಸಿಸಿಬಿಯ ನ್ಯೂಟ್ರಲ್‌ಗಳನ್ನು ಒಂದೇ ಪಟ್ಟಿಗೆ ಕಟ್ಟುವುದು. ಲೋಡ್ ಹಾಕಿದ ಕೂಡಲೇ ಬೀಳುತ್ತದೆ, ‘ಆರ್‌ಸಿಸಿಬಿ ಕೆಟ್ಟಿದೆ’ ಅಂತ ಅದನ್ನೇ ಬೈಪಾಸ್ ಮಾಡುತ್ತಾರೆ. ಎರಡು ನ್ಯೂಟ್ರಲ್ ಪಟ್ಟಿ ಬೇರೆ ಬೇರೆ ಇರಲೇಬೇಕು.

---

ಕೊಳವೆಗಾರ

ಪೈಪಿನ ವಿಚಾರ ನಾನು ಹೇಳುತ್ತೇನೆ. ಪಿವಿಸಿಯೇ. ಗಂಜಲದ ಅಮೋನಿಯಾ ಕಬ್ಬಿಣದ ಕಂಡ್ಯೂಟನ್ನೂ ತಗಡಿನ ಬಾಕ್ಸನ್ನೂ ತಿನ್ನುತ್ತದೆ, ಹಿತ್ತಾಳೆ ಸ್ಕ್ರೂ ಹಸಿರುಗಟ್ಟುತ್ತದೆ. ಬಾಕ್ಸ್ ಎಲ್ಲವೂ ಪ್ಲಾಸ್ಟಿಕ್, ರಬ್ಬರ್ ಗ್ಯಾಸ್ಕೆಟ್ ಇರುವ ಐಪಿ65 (ಧೂಳು, ನೀರು ಹೊಗದ) ಬಗೆಯದು. ಪೈಪ್ ಐಎಸ್ಐ ಗುರುತಿನ ಹೆವಿ ಗೇಜ್. ಲೈಟ್ ಗೇಜ್ ಪೈಪನ್ನು ಇಲಿ ಒಂದೇ ರಾತ್ರಿಗೆ ಕಡಿಯುತ್ತದೆ, ಸುಕ್ಕುಸುಕ್ಕಿನ ಫ್ಲೆಕ್ಸಿಬಲ್ ಪೈಪ್ ಅಂತೂ ಅದಕ್ಕೆ ಚಕ್ಕುಲಿ.

ದಾರಿ: ಶೀಟಿಗೆ ತಾಗಿಸಿ ಎಳೆಯಬೇಡಿ. ಮುಂದೆ ಯಾರೋ ಶೀಟಿಗೆ ಹೊಡೆಯುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ನೇರ ಪೈಪಿನೊಳಗೆ ಇಳಿಯುತ್ತದೆ. ಬೆಳಗಿನ ಜಾವ ಶೀಟಿನ ತಳದಿಂದ ಇಬ್ಬನಿ ತೊಟ್ಟಿಕ್ಕುವುದೂ ಅಲ್ಲೇ. ಟ್ರಸ್ಸಿನ ಕೆಳಗಿನ ಅಡ್ಡಪೈಪಿನ ಮಟ್ಟದಲ್ಲಿ, ಜನ ಓಡಾಡುವ ಬದಿಯಲ್ಲಿ 25 ಎಂಎಂ ಪೈಪಿನ ಒಂದು ಮುಖ್ಯ ಸಾಲು. ಅಲ್ಲಿಂದ ಕಂಬಗಳ ಮೇಲೆ ಕೆಳಕ್ಕೆ 20 ಎಂಎಂ. ಕಂಬಕ್ಕೆ ತೂತು ಹೊಡೆಯಬೇಡಿ; ನೀರು ಒಳಗಿಳಿದು ಬುಡದಿಂದ ತುಕ್ಕು ಹಿಡಿಯುತ್ತದೆ. ಯು ಕ್ಲಾಂಪಿನಿಂದ ಒಂದು ಜಿಐ ಪಟ್ಟಿ ಕಟ್ಟಿ, ಅದಕ್ಕೆ ಸ್ಯಾಡಲ್ (ಪೈಪ್ ಹಿಡಿಯುವ ಬಿಲ್ಲೆ).

ಸ್ಯಾಡಲ್ 60 ಸೆಂ.ಮೀ.ಗೆ ಒಂದು, ಬೆಂಡ್ ಮತ್ತು ಬಾಕ್ಸಿನ ಎರಡೂ ಬದಿ ಒಂದು ಗೇಣಿನೊಳಗೆ ಒಂದೊಂದು. ಬಿಗಿಯಾಗಿ ಅದುಮಬೇಡಿ, ಏಕೆಂದರೆ ಪಿವಿಸಿ ಬೆಳೆಯುತ್ತದೆ. ತಗಡಿನ ಕೆಳಗೆ ರಾತ್ರಿ 18 ಡಿಗ್ರಿ, ಮಧ್ಯಾಹ್ನ 55 ಅಂದರೆ 18 ಮೀಟರ್ ಸಾಲು 4 ಸೆಂ.ಮೀ.ಗಿಂತ ಹೆಚ್ಚು ಉದ್ದವಾಗುತ್ತದೆ. ಎಲ್ಲ ಜಾಯಿಂಟಿಗೂ ಗಮ್ ಹಾಕಿದ್ದರೆ ಪೈಪ್ ಹಾವಿನ ಹಾಗೆ ಸೊಟ್ಟಗಾಗುತ್ತದೆ, ಇಲ್ಲವೇ ಬಾಕ್ಸಿನ ಬಾಯಿ ಸೀಳುತ್ತದೆ. ಆರು ಮೀಟರಿಗೊಂದು ಉದ್ದನೆಯ ಕಪ್ಲರ್ ಹಾಕಿ, ಒಂದೇ ಬದಿಗೆ ಗಮ್, ಇನ್ನೊಂದು ಬದಿ ಅರ್ಧದವರೆಗೆ ಮಾತ್ರ ಸೇರಿಸಿ ಬಿಡಿ.

ಎರಡು ಬಾಕ್ಸುಗಳ ನಡುವೆ ಎರಡಕ್ಕಿಂತ ಹೆಚ್ಚು ಬೆಂಡ್ ಬೇಡ. ಥಟ್ಟನೆ ತಿರುಗುವ ಎಲ್ಬೋ ಬೇಡ, ತಂತಿ ಅಲ್ಲಿ ಸಿಪ್ಪೆ ಸುಲಿಯುತ್ತದೆ. 20 ಎಂಎಂ ಪೈಪಿನಲ್ಲಿ 2.5ರ ಐದು ಎಳೆ ಆರಾಮ. 25 ಎಂಎಂನಲ್ಲಿ ಎಂಟು. ಲೆಕ್ಕದ ಪ್ರಕಾರ ಇನ್ನೂ ಹಿಡಿಸುತ್ತದೆ, ಆದರೆ ಎಳೆಯುವವರ ಕೈಗೆ ಗೊತ್ತು. ಹಾಗಾಗಿ ಮೇವಿನ ಯಂತ್ರದ 4 ಸ್ಕ್ವೇರಿಗೆ ಬೇರೆಯೇ ಪೈಪ್ ಕೊಡಿ. ಇನ್ನೂ ಒಳ್ಳೆಯದು, ಆ ಯಂತ್ರವನ್ನು ಡಿಬಿ ಇರುವ ತುದಿಯಲ್ಲೇ ಇಡಿ. ಉಳಿಯುವ ತಂತಿಯೇ 50 ಮೀಟರ್.

ಪೈಪ್ ಯಾವ ಬಾಕ್ಸಿಗೂ ತಲೆಯ ಮೇಲಿಂದ ಇಳಿಯಬಾರದು. ಕೆಳಗಿನಿಂದ ಅಥವಾ ಬದಿಯಿಂದ ಹೋಗಲಿ, ತಳದಲ್ಲಿ 5 ಎಂಎಂ ತೂತೊಂದು ನೀರು ಹೊರಹೋಗಲು. ತೂತಿಗೆ ಸಣ್ಣ ಸ್ಟೀಲ್ ಜಾಳಿಗೆ ಅಂಟಿಸಿ. ಇಲ್ಲದಿದ್ದರೆ ಇರುವೆ, ಮಣ್ಣುಗೂಡು ಕಟ್ಟುವ ಕಣಜ, ಕೊನೆಗೆ ಹಲ್ಲಿ. ಸ್ಟಾರ್ಟರಿನ ಕಾಂಟ್ಯಾಕ್ಟಿನ ನಡುವೆ ಸುಟ್ಟ ಹಲ್ಲಿ ಸಿಗುವುದು ನಮ್ಮ ಕಡೆ ಮಾಮೂಲು.

ಸಾಮಾನು: 25 ಎಂಎಂ ಪೈಪ್ (3 ಮೀಟರಿನದು) 8, 20 ಎಂಎಂ 14, ಸ್ಯಾಡಲ್ ನೂರು, 2.5ರ ಕೆಂಪು, ಕಪ್ಪು, ಹಸಿರು 90 ಮೀಟರ್ ಕಾಯಿಲ್ ಒಂದೊಂದು, 1.5ರದ್ದೂ ಹಾಗೇ.

ಸಾಕೆಟ್ ನೆಲದಿಂದ 1.5 ಮೀಟರ್, ಹಸುವಿನ ಮೂತಿ, ಕೊಂಬು, ಬಾಲ ಯಾವುದೂ ತಲುಪದ ಬದಿಗೆ. 16 ಆಂಪಿನದು, ಮುಚ್ಚಳ ಇರುವ ಇಂಡಸ್ಟ್ರಿಯಲ್ ಬಗೆ. ಮನೆಯ ಗೋಡೆಗೆ ಹಾಕುವ ಮಾಡ್ಯುಲರ್ ಪ್ಲೇಟು ಕೊಟ್ಟಿಗೆಯಲ್ಲಿ ಒಂದು ಮಳೆಗಾಲ ಬಾಳುವುದಿಲ್ಲ.

---

ಹಟ್ಟಿಮನೆ

ತುಂಬಾ ಉಪಕಾರ. ಎರಡು ಅನುಮಾನ. ಮನೆಯ ಅರ್ಥ್ ತಂತಿಯನ್ನೂ ಕೊಟ್ಟಿಗೆಯ ರಾಡಿಗೆ ಸೇರಿಸಬೇಕೇ? ಮೇವಿನ ಯಂತ್ರಕ್ಕೆ ಸಾಕೆಟ್ ಸ್ವಿಚ್ ಸಾಕೇ, ಸ್ಟಾರ್ಟರ್ ಬೇಕೇ?

---

ಗೋದಲಿ

ಸೇರಿಸಬೇಡಿ. ಕೇಬಲಿನ ಆರ್ಮರನ್ನು ಮನೆಯ ತುದಿಯಲ್ಲಿ ಮಾತ್ರ ಅರ್ಥ್ ಮಾಡಿ, ಕೊಟ್ಟಿಗೆ ತುದಿಯಲ್ಲಿ ಪ್ಲಾಸ್ಟಿಕ್ ಗ್ಲ್ಯಾಂಡ್ (ಕೇಬಲ್ ಬಾಕ್ಸಿಗೆ ಹೊಗುವಲ್ಲಿನ ಹಿಡಿಕೆ) ಹಾಕಿ, ಲೋಹ ಎಲ್ಲೂ ತಾಗದ ಹಾಗೆ ಟೇಪ್ ಸುತ್ತಿ. ಮನೆಯಲ್ಲಿ ನ್ಯೂಟ್ರಲ್ಲೂ ಅರ್ಥೂ ಎಲ್ಲೋ ಬೆಸೆದಿದ್ದರೆ ಆ ವೋಲ್ಟೇಜು ಕೊಟ್ಟಿಗೆಗೆ ಬರಬಾರದು. ಮನುಷ್ಯನಿಗೆ ಗೊತ್ತೇ ಆಗದ ಒಂದೆರಡು ವೋಲ್ಟ್ ಹಸುವಿಗೆ ತಟ್ಟುತ್ತದೆ. ಒದ್ದೆ ನೆಲ, ನಾಲ್ಕು ಗೊರಸು, ನೀರಿನಲ್ಲಿ ಮೂತಿ. ಮೈಯ ರೋಧ 500 ಓಮ್ ಅಂತ ಹಿಡಿಯುವುದು ವಾಡಿಕೆ. ಹಸು ತೊಟ್ಟಿಯ ನೀರನ್ನು ನಾಲಿಗೆಯಿಂದ ನೆಕ್ಕಿ ನೋಡಿ ಹಿಂದೆ ಸರಿದರೆ, ಕರೆಯುವಾಗ ಒಂದೇ ಜಾಗದಲ್ಲಿ ಮಾತ್ರ ಕಾಲು ಕುಣಿಸಿದರೆ ಮೊದಲು ಮೀಟರ್ ಹಿಡಿಯಿರಿ.

ನೆಲದ ಕಾಂಕ್ರೀಟ್ ಆಗುವ ಮೊದಲೇ ಆಗಿದ್ದರೆ ಕಂಬಿಜಾಲರಿಯನ್ನು ಕಂಬಗಳಿಗೆ ಬೆಸೆಯಬಹುದಿತ್ತು. ಈಗ ಉಳಿದಿರುವುದು: ಎಲ್ಲ ಕಂಬ, ಕಟ್ಟುವ ಅಡ್ಡಪೈಪ್, ನೀರಿನ ಪೈಪ್, ಹಾಲಿನ ಯಂತ್ರದ ಚೌಕಟ್ಟು, ಇವನ್ನೆಲ್ಲ 8 ಗೇಜಿನ ಜಿಐ ತಂತಿಯಿಂದ ಒಂದಕ್ಕೊಂದು ಕಟ್ಟಿ ಅರ್ಥ್ ಪಟ್ಟಿಗೆ ತರುವುದು. ಬಣ್ಣ ಕೆರೆದು, ಲಗ್ ಹಾಕಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್. ಸುತ್ತಿ ಬಿಟ್ಟ ತಂತಿ ಲೆಕ್ಕಕ್ಕಿಲ್ಲ.

ಅಳೆಯುವ ಕ್ರಮ: ಒದ್ದೆ ನೆಲದ ಮೇಲೆ ಅಂಗೈ ಅಗಲದ ತಗಡಿಟ್ಟು ಮೇಲೆ ಇಟ್ಟಿಗೆ ಹೇರಿ. ತಗಡು ಮತ್ತು ನೀರಿನ ತೊಟ್ಟಿಯ ಪೈಪಿನ ನಡುವೆ ಮಲ್ಟಿಮೀಟರಿನಲ್ಲಿ ಎಸಿ ವೋಲ್ಟ್ ನೋಡಿ. 10ಕ್ಕಿಂತ ಹೆಚ್ಚಿದ್ದರೆ ಅಲ್ಲೇ ನಿಲ್ಲಿಸಿ ಮೇನ್ ಆಫ್ ಮಾಡಿ. ಕಡಿಮೆಯಿದ್ದರೆ ಎರಡು ಪ್ರೋಬಿನ ನಡುವೆ 470 ಓಮಿನ ರೆಸಿಸ್ಟರ್ ಸೇರಿಸಿ ಮತ್ತೆ ನೋಡಿ. ಸುಳ್ಳು ವೋಲ್ಟೇಜಾದರೆ ಸೊನ್ನೆಗೆ ಇಳಿಯುತ್ತದೆ, ನಿಜವಾದದ್ದು ಉಳಿಯುತ್ತದೆ. ಒಂದು ವೋಲ್ಟ್ ಉಳಿದರೂ ಹುಡುಕಿ.

ಪಂಪ್‌ಸೆಟ್ಟಿನ ಫೇಸ್ ತಂದು ನ್ಯೂಟ್ರಲ್ ಬದಲು ನೆಲಕ್ಕೆ ರಾಡು ಹೊಡೆದು ದೀಪ ಉರಿಸುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ರಾಡಿನ ಸುತ್ತಲ ನೆಲ ಹೆಜ್ಜೆಹೆಜ್ಜೆಗೂ ಬೇರೆ ವೋಲ್ಟೇಜಿನಲ್ಲಿರುತ್ತದೆ. ಮುಂಗಾಲಿಗೂ ಹಿಂಗಾಲಿಗೂ ಒಂದೂವರೆ ಮೀಟರ್ ಅಂತರವಿರುವ ಪ್ರಾಣಿ ಅಲ್ಲಿ ಸಾಯಬಹುದು.

---

ಮೆಗ್ಗರ್

ಸ್ಟಾರ್ಟರ್ ಬೇಕೇ ಬೇಕು, ಅದೂ ನೋ ವೋಲ್ಟ್ ಕಾಯಿಲ್ (ಕರೆಂಟ್ ಹೋದ ಕೂಡಲೇ ಸಂಪರ್ಕ ಬಿಡಿಸುವ ಸುರುಳಿ) ಇರುವ ಡಿಒಎಲ್, ಅಂದರೆ ಮೋಟಾರನ್ನು ನೇರ ಲೈನಿಗೆ ಹಾಕುವ ಗುಂಡಿ ಸ್ಟಾರ್ಟರ್. ಸಾಕೆಟ್ ಸ್ವಿಚ್ಚಿನಲ್ಲಿ ಓಡುತ್ತಿರುವಾಗ ಕರೆಂಟ್ ಹೋಯಿತು, ಸಿಕ್ಕಿಕೊಂಡ ಜೋಳದ ದಂಟು ತೆಗೆಯಲು ಕೈ ಹಾಕಿದರು, ಆಗಲೇ ಕರೆಂಟ್ ಬಂತು. ಬ್ಲೇಡ್ ತಾನಾಗಿ ತಿರುಗುತ್ತದೆ. ಡಿಒಎಲ್‌ನಲ್ಲಿ ಹಸಿರು ಗುಂಡಿ ಮತ್ತೆ ಒತ್ತುವವರೆಗೆ ತಿರುಗುವುದಿಲ್ಲ. ಓವರ್‌ಲೋಡ್ ರಿಲೇಯನ್ನು ಮೋಟಾರಿನ ತಗಡಿನ ಮೇಲಿರುವ ಆಂಪಿಗೇ ಇಡಿ. ಪದೇ ಪದೇ ಬೀಳುತ್ತದೆಂದು ಮೇಲೇರಿಸಬೇಡಿ. ಅದು ಬೀಳುತ್ತಿರುವುದು ಬ್ಲೇಡ್ ಮೊಂಡಾಗಿರುವುದಕ್ಕೆ ಅಥವಾ ವೋಲ್ಟೇಜ್ ಕಡಿಮೆ ಇರುವುದಕ್ಕೆ. ಕೆಂಪು ಗುಂಡಿ ಮೇವು ತುಂಬುವವರು ನಿಂತಲ್ಲಿಂದಲೇ ಕೈಗೆಟುಕಬೇಕು.

ಇದೆಲ್ಲ ಸೇರಿ 4 ಕಿಲೋವ್ಯಾಟ್ ದಾಟುತ್ತದೆ. ಮನೆಯ ಮಂಜೂರಾದ ಲೋಡ್ ಬಿಲ್ಲಿನಲ್ಲೇ ಇದೆ, ಕಡಿಮೆಯಿದ್ದರೆ ಮೆಸ್ಕಾಂನಲ್ಲಿ ಹೆಚ್ಚಿಸಿಕೊಳ್ಳಿ; ಅದಕ್ಕೆ ಪರವಾನಗಿ ಇರುವ ಗುತ್ತಿಗೆದಾರರ ಸಹಿ ಬೇಕು, ಹಾಗಾಗಿ ಕೆಲಸವನ್ನೂ ಅವರಿಂದಲೇ ಮಾಡಿಸಿ.

ಕರೆಂಟ್ ಕೊಡುವ ಮೊದಲು ಎಲ್ಲ ಟ್ಯೂಬ್, ಫ್ಯಾನ್ ಬಿಚ್ಚಿಟ್ಟು 500 ವೋಲ್ಟಿನ ಮೆಗ್ಗರ್ (ತಂತಿಯ ಹೊದಿಕೆಯ ರೋಧ ಅಳೆಯುವ ಉಪಕರಣ) ಹಾಕಿಸಿ: ಫೇಸಿಗೂ ಅರ್ಥಿಗೂ, ನ್ಯೂಟ್ರಲ್ಲಿಗೂ ಅರ್ಥಿಗೂ ಬೇರೆ ಬೇರೆಯಾಗಿ. 1 ಮೆಗಾಓಮಿಗಿಂತ ಕಡಿಮೆ ಬಂದರೆ ಚಾಲೂ ಮಾಡುವ ಹಾಗಿಲ್ಲ. ಹೊಸ ತಂತಿಗೆ ಅದರ ಎಷ್ಟೋ ಪಟ್ಟು ಬರಬೇಕು. ಹತ್ತಿಪ್ಪತ್ತು ಮಾತ್ರ ಬಂದರೆ ಎಲ್ಲೋ ಬಾಕ್ಸಿನಲ್ಲಿ ನೀರಿದೆ ಅಥವಾ ಸ್ಯಾಡಲ್ ಸ್ಕ್ರೂ ಪೈಪಿನೊಳಗೆ ಇಳಿದಿದೆ. ಆಮೇಲೆ ಎರಡೂ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿ, ಪ್ರತಿ ತಿಂಗಳ ಮೊದಲ ತಾರೀಕು ಮತ್ತೆ ಒತ್ತಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಕೊಟ್ಟಿಗೆಯ ಹವೆಗೆ ಒಳಗಿನ ಸನ್ನೆ ಅಂಟಿಕೊಳ್ಳುತ್ತದೆ.