ನ್ಯೂಟ್ರಲ್ ಬಿಸಿ ಆಗ್ತಿದೆ, ಎಷ್ಟು ಆಂಪಿಯರ್ ಇರಬೇಕು?

ಕುವೆಂಪುನಗರ, ಮೈಸೂರು: ಮೂರು ಮಹಡಿ ಪಿಜಿ, ತ್ರೀ ಫೇಸ್ ಮೀಟರ್. ಬೆಳಿಗ್ಗೆ ಗೀಸರ್‌ಗಳೆಲ್ಲ ಆನ್ ಇದ್ದಾಗ ಕ್ಲಾಂಪ್ ಮೀಟರ್‌ನಲ್ಲಿ ಆರ್ ಫೇಸ್ 32 ಆಂಪಿಯರ್, ವೈ 18, ಬಿ 10. ನ್ಯೂಟ್ರಲ್ 6 ಸ್ಕ್ವೇರ್ ಎಂಎಂ ತಾಮ್ರ, ಮುಟ್ಟಿದ್ರೆ ಬಿಸಿ. ಎಲೆಕ್ಟ್ರಿಷಿಯನ್ ಮೂರನ್ನೂ ಕೂಡಿ 60 ಅಂತಾನೆ. ಗೊತ್ತಿರೋರು ಹೇಳಿ.

ಸರಸ್ವತಿಪುರಂ: 60 ಎಲ್ಲಿಂದ ಬಂತು ಸ್ವಾಮಿ? ಮೂರು ಫೇಸಿನ ಕರೆಂಟ್ ನ್ಯೂಟ್ರಲಲ್ಲಿ ಬಹುಪಾಲು ಒಂದನ್ನೊಂದು ಕಳೆಯುತ್ತೆ. ವರ್ಗಗಳನ್ನ ಕೂಡಿ: 1024, 324, 100, ಒಟ್ಟು 1448. ಎರಡೆರಡನ್ನ ಗುಣಿಸಿ ಕೂಡಿ: 576, 180, 320, ಒಟ್ಟು 1076. ಕಳೆದ್ರೆ 372, ಅದರ ವರ್ಗಮೂಲ 19.3. ಅಷ್ಟೇ. ಒಂದು 2 ಕಿಲೋವ್ಯಾಟ್ ಗೀಸರನ್ನ ಆರ್‌ನಿಂದ ಬಿಗೆ ಎತ್ತಿ ಹಾಕಿ, ಸುಮಾರು 9 ಆಂಪಿಯರ್ ಆಚೆ ಹೋಗುತ್ತೆ. 23, 18, 19 ಆದ್ಮೇಲೆ ನ್ಯೂಟ್ರಲ್ 4.6. ಖರ್ಚು ಸೊನ್ನೆ. ಫೇಸಿಗೊಂದು ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಆಫ್ ಆಗೋ ಸ್ವಿಚ್) ಇದ್ರೆ ಮಾತ್ರ ಆ ಗೀಸರ್ ನ್ಯೂಟ್ರಲನ್ನೂ ಜೊತೆಗೇ ಎತ್ತಬೇಕು, ಇಲ್ಲಾಂದ್ರೆ ಎರಡೂ ಟ್ರಿಪ್.

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ: ಆ ಸೂತ್ರ ಮೂರು ಫೇಸಲ್ಲೂ ಪವರ್ ಫ್ಯಾಕ್ಟರ್ (ಕರೆಂಟ್ ವೋಲ್ಟೇಜಿಗಿಂತ ಎಷ್ಟು ಹಿಂದೆ ಬೀಳುತ್ತೆ ಅನ್ನೋ ಅಳತೆ) ಒಂದೇ ಇದ್ರೆ ಮಾತ್ರ. ಮೂರರಲ್ಲೂ 20 ಇದ್ದು, ಬಿ ಒಂದೇ 0.8 ಲ್ಯಾಗಿಂಗ್ (ಹಿಂದೆ ಬಿದ್ದದ್ದು) ಆದ್ರೆ ನಿಮ್ಮ ಸೂತ್ರ ಸೊನ್ನೆ ಅನ್ನುತ್ತೆ, ವೈರಲ್ಲಿ ಹರಿಯೋದು 12.6. ಇನ್ನು ಕಂಪ್ಯೂಟರ್, ಎಲ್‌ಇಡಿ ಲೋಡ್ ಆದ್ರೆ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯ ಕರೆಂಟ್) ಒಂದನ್ನೊಂದು ಕಳೆಯಲ್ಲ, ಕೂಡುತ್ತೆ. ಅದು ಫೇಸಿಗೆ 6 ಆಂಪಿಯರ್ ಅಂದ್ರೆ ನ್ಯೂಟ್ರಲ್‌ಗೆ 18, ಲೋಡ್ ಎಷ್ಟೇ ಸಮ ಇರಲಿ. ಮೂರೂವರೆ ಕೋರ್ (ನ್ಯೂಟ್ರಲ್ ಸುಮಾರು ಅರ್ಧ ದಪ್ಪ ಇರೋ) 35 ಸ್ಕ್ವೇರ್ ಎಂಎಂ ಕೇಬಲ್‌ನಲ್ಲಿ ನ್ಯೂಟ್ರಲ್ ಬರೀ 16! ಅಂಥ ಲೋಡ್ ಇರೋ ಕಡೆ ನಾಲ್ಕೂ ಒಂದೇ ದಪ್ಪದ ನಾಲ್ಕು ಕೋರ್ ಎಳೆಸಿದ್ದೇ ಸರಿ, ಜಾಸ್ತಿ ದುಡ್ಡು ಅಂತ ಎಷ್ಟೇ ಬೈಸ್ಕೊಂಡ್ರೂ. ಕ್ಲಾಂಪ್ ಮೀಟರೂ ಟ್ರೂ ಆರ್‌ಎಂಎಸ್ (ಅಲೆ ಸೊಟ್ಟಗಿದ್ರೂ ಸರಿಯಾಗಿ ಅಳೆಯೋದು) ಇರಲಿ, ಅಗ್ಗದ್ದು ಇಂಥ ಲೋಡಿಗೆ ಕಮ್ಮಿ ತೋರಿಸುತ್ತೆ.

ಸರಸ್ವತಿಪುರಂ: ಗೀಸರ್ ಬಗ್ಗೆ ಕೇಳಿದ್ರೆ ಹಾರ್ಮೋನಿಕ್ ಪುರಾಣ. ಗೀಸರ್‌ಗೆ ಎಲ್ಲಿಯ ಲ್ಯಾಗಿಂಗ್ ಸಾರ್?

ಹೆಬ್ಬಾಳ: ಪಿಜಿಯಲ್ಲಿ ಬೋರ್‌ವೆಲ್ ಮೋಟ್ರಿಲ್ವಾ? ಫ್ರಿಜ್ಜು, ವಾಷಿಂಗ್ ಮಷೀನ್?

ಮದ್ದೂರು: ಲೆಕ್ಕ ಆಮೇಲೆ ಮಾಡ್ಕಳಿ, ಮೊದ್ಲು ಜಾಯಿಂಟ್ ನೋಡಿ. 6 ಎಂಎಂ ತಾಮ್ರಕ್ಕೆ 19 ಆಂಪಿಯರ್ ಏನೂ ಅಲ್ಲ. ವೈರ್ ಉದ್ದಕ್ಕೂ ಬಿಸಿಯಾ, ಇಲ್ಲ ತುದೀಲಿ ಮಾತ್ರಾನಾ? ಅಲ್ಯೂಮಿನಿಯಂ ಸರ್ವೀಸ್ ವೈರಿಗೆ ತಾಮ್ರ ಸುತ್ತಿ ಟೇಪ್ ಹಾಕಿರ್ತಾರೆ, ಮಳೆಗಾಲ ಕಳೆಯೋದ್ರೊಳಗೆ ಬಿಳೀ ಪುಡಿ. ನ್ಯೂಟ್ರಲ್ ಕಿತ್ಕಂಡ್ರೆ ಆರ್‌ನಲ್ಲಿ 1000 ವ್ಯಾಟ್, ವೈನಲ್ಲಿ 200 ವ್ಯಾಟ್ ಇದ್ದು ಬಿ ಖಾಲಿ ಇರೋ ಕಡೆ, ಎರಡು ಫೇಸಿನ ನಡುವಿನ 400 ವೋಲ್ಟ್ ಹಂಚ್ಕಂಡು ವೈಗೆ 333 ವೋಲ್ಟ್, ಆರ್‌ಗೆ 67. ಹಂಗಾಗಿ ನಮ್ಮಲ್ಲಿ ಒಂದು ಫ್ರಿಜ್ ಬೋರ್ಡು, ಎರಡು ಸೆಟ್‌ಟಾಪ್ ಬಾಕ್ಸು, ಯುಪಿಎಸ್ಸು, ಸೇರಿ 11,400 ರೂಪಾಯಿ ಹೋಯ್ತು. ಬೈಮೆಟಲ್ ಲಗ್ (ಅಲ್ಯೂಮಿನಿಯಂ, ತಾಮ್ರ ಎರಡೂ ಸೇರಿರೋ ತುದಿ) ಹಾಕಿ ಒತ್ತಿ ಕ್ರಿಂಪ್ ಮಾಡಿದ್ರೆ ಅಷ್ಟೊಂದು ಖರ್ಚೇ ಆಯ್ತಿರ್ಲಿಲ್ಲ. ನ್ಯೂಟ್ರಲ್‌ಗೆ ಫ್ಯೂಸ್ ಹಾಕಿದ್ರೂ ಇದೇ ಗತಿ.

ಪಾಂಡವಪುರ: ಆಲೆಮನೆ ಮೋಟ್ರಿಗೆ ನ್ಯೂಟ್ರಲ್ಲೇ ಇಲ್ಲ ಕಣಣ್ಣ, ಗಾಣ ತಿರುಗ್ತಾ ಇಲ್ವಾ? ಲೈಟಿಗೆ ಅರ್ತ್ ಗುಂಡಿಯಿಂದ್ಲೇ ಎಳ್ದಿರೋದು.

ಮದ್ದೂರು: ಮೋಟ್ರು ಮೂರು ಫೇಸಿಂದೂ ಸಮ ಎಳೀತದೆ, ಅದ್ಕೇ ಬೇಡ. ಲೈಟಿಗೆ ಅರ್ತ್ ಕೊಟ್ರೆ ಬೇಸಿಗೇಲಿ ಗುಂಡಿ ಒಣಗಿದ್ ದಿನ ಸ್ಟಾರ್ಟರ್ ಡಬ್ಬಿ ಮುಟ್ಟಿದೋರಿಗೆ ಹೊಡೀತದೆ. ಇವತ್ತೇ ತೆಗ್ಸಣ್ಣ.

ಪಾಂಡವಪುರ: ಆರು ವರ್ಷದಿಂದ ಹೊಡ್ದಿಲ್ಲ.

ಕುವೆಂಪುನಗರ: ತುದಿ ಮಾತ್ರ ಬಿಸಿ ಇತ್ತು ಸಾರ್. ನ್ಯೂಟ್ರಲ್ ಲಿಂಕಿನ (ನ್ಯೂಟ್ರಲ್ ವೈರ್‌ಗಳು ಸೇರೋ ಪಟ್ಟಿ) ಸ್ಕ್ರೂ ಅರ್ಧ ಸುತ್ತು ತಿರುಗ್ತು.

ಹೆಬ್ಬಾಳ: ಮೇನ್ ಆಫ್ ಮಾಡಿ ತಿರುಗಿಸಿದ್ರಿ ತಾನೆ?